ಯಾವ ಗೋಡೆಗೆ?

ವಾರ್ಸಾದ ಮುರಾನೂಫ್ ಬಡಾವಣೆಯಲ್ಲಿ
ಟ್ರಾಮು ತಿರುಗುವ ಮೂಲೆಗೆ, ನಾಲ್ಕು ಮೆಟ್ಟಿಲು ಕೆಳಗೆ
ನನ್ನ ಅಂಗಡಿ. ಮೊದಲು ಮಾವನದಾಗಿತ್ತು.
ನಾನೂರ ಹನ್ನೆರಡು ಡ್ರಾಯರು,
ಅದರಲ್ಲಿ ಎರಡಕ್ಕೆ ಹಿಡಿಕೆಯಿಲ್ಲ.
ಸ್ಕ್ರೂ ಮಾರುವವಳ ಮನೆಯಲ್ಲೇ ಸ್ಕ್ರೂಗೆ ಬರ ಎಂದು
ನಗುವವರು ನಗಲಿ.

ಬಂದವರೆಲ್ಲ "ಇಷ್ಟುದ್ದದ್ದು ಕೊಡಿ" ಅಂತಾರೆ.
ಬೆರಳಲ್ಲಿ ತೋರಿಸುತ್ತಾರೆ,
ಮೀನು ಹಿಡಿದವರ ಹಾಗೆ ಒಂದಿಷ್ಟು ಹಿಗ್ಗಿಸಿ.
ನಾನು ಕೇಳುತ್ತೇನೆ: "ಯಾವ ಗೋಡೆಗೆ?"
"ಗೋಡೆಗೆ, ಅಷ್ಟೇ. ಬಿಳಿ ಗೋಡೆ."

ಬಣ್ಣ ನಂಬಬೇಡಿ, ಬೆರಳ ಗೆಣ್ಣಿನಿಂದ ತಟ್ಟಿ.
ಡಬ್ಬದ ಸದ್ದು ಬಂದರೆ ಜಿಪ್ಸಮ್ ಹಲಗೆ, ಹಿಂದೆ ಬರೀ ಗಾಳಿ;
ಒಳಹೊಕ್ಕು ರೆಕ್ಕೆ ಬಿಚ್ಚುವ ಬೋಲ್ಟು ಬೇಕು.
ತಗಡಿಗೆ, ತಲೆಯಡಿ ರಬ್ಬರ್ ಬಿಲ್ಲೆ ಇರುವುದು;
ಬಿಗಿ ಅತಿಯಾದರೆ ಬಿಲ್ಲೆ ಬಾಯಿಬಿಟ್ಟು ಸೋರುತ್ತದೆ.
ಓಕ್ ಮರಕ್ಕೆ ಕಬ್ಬಿಣ ಹೊಡೆದಿರೋ
ಅದರ ಒಗರು ಕಬ್ಬಿಣವನ್ನು ತಿಂದು
ಸುತ್ತ ಮಸಿ ಕಾರುತ್ತದೆ. ಹಿತ್ತಾಳೆಯೇ ಸರಿ.
ಆದರೆ ಹಿತ್ತಾಳೆ ಮೆದು, ಸೀದಾ ತಿರುಗಿಸಿದರೆ
ಕತ್ತು ಮುರಿದುಕೊಳ್ಳುತ್ತದೆ:
ಮೊದಲು ತೂತು; ಆಮೇಲೆ ಅದೇ ಅಳತೆಯ ಉಕ್ಕಿನದೊಂದನ್ನು
ಒಳಬಿಟ್ಟು, ದಾರಿ ಮಾಡಿಸಿ, ಹೊರತೆಗೆದು,
ಹಿತ್ತಾಳೆಯ ಮೈಗೆ ಮೇಣ ಸವರಿ ಕಳಿಸಬೇಕು.
ಉಕ್ಕಿನದು ಮತ್ತೆ ಡಬ್ಬಿಗೆ.
ಬೀರು ನೋಡಿದವರು ಹೊಗಳುವುದು ಹಿತ್ತಾಳೆಯನ್ನು.

ಫೆಬ್ರವರಿಯಲ್ಲಿ ಬಂದಳು ದೊಬ್ರಾವಾ, ಟ್ರಾಮು ಓಡಿಸುವವಳು,
ರಾತ್ರಿ ಪಾಳಿ ಮುಗಿಸಿ.
ಕೋಟಿನ ಗೂಟ ಮೂರು ಸಲ ಕಿತ್ತು ಬಂತಂತೆ;
ಪ್ರತಿ ಸಲವೂ ಇನ್ನೂ ದಪ್ಪದ್ದು, ಇನ್ನೂ ಉದ್ದದ್ದು.
"ತೂತಿನ ಧೂಳು ತಾ," ಅಂದೆ.
ಮಾರನೇ ದಿನ ಟಿಕೆಟ್ಟಿನಲ್ಲಿ ಪೊಟ್ಟಣ ಕಟ್ಟಿ ತಂದಳು.

ಕೆಂಪಾದರೆ ಇಟ್ಟಿಗೆ, ಬೂದಿಯಾದರೆ ಕಾಂಕ್ರೀಟು,
ಬಿಳಿಯಾದರೆ ಗಾರೆ. ಇದರಲ್ಲಿ ಮೂರೂ ಇದ್ದವು.
ಕರಿಕೂ ಇತ್ತು. ಮತ್ತೆ ಅಕ್ಕಿಕಾಳಿನಷ್ಟು
ನೀಲಿ ಚಕ್ಕೆ, ಒಂದೇ ಮಗ್ಗುಲು ನುಣುಪು:
ಯಾರದೋ ಚಳಿಗಾಲದ ಒಲೆಗೆ ಹೊದಿಸಿದ್ದ ಹೆಂಚು.

ಅವಳು ಲುಬ್ಲಿನ್ ಕಡೆಯವಳು, ಗೊತ್ತಿರಲಿಲ್ಲ.
ಯುದ್ಧ ಮುಗಿದು ಈ ಬಡಾವಣೆ ಎದ್ದಾಗ
ಹೊಸ ಇಟ್ಟಿಗೆ ಎಲ್ಲಿತ್ತು? ಕೆಳಗೆ ಬಿದ್ದಿದ್ದನ್ನೇ ಅರೆದು
ಸಿಮೆಂಟಿನಲ್ಲಿ ಕಲಸಿ ಅಚ್ಚು ಹುಯ್ದರು.
ನಿನ್ನದು ಗೋಡೆಯಲ್ಲ, ಬೀದಿ. ಅಲ್ಲಿ ಇದ್ದವರು
ಎಂದು ಶುರುಮಾಡಿ
ಡ್ರಾಯರು ಎಳೆದೆ.

ಉಬ್ಬುವ ಆಂಕರು ಇಲ್ಲಿ ನಡೆಯದು ಮಗಳೇ.
ತಳ್ಳಿ ಹಿಡಿಯುವಂಥದ್ದೆಲ್ಲ ಇದನ್ನು ಮತ್ತೊಮ್ಮೆ ಒಡೆಯುತ್ತದೆ.
ರಾಳದ ಕೊಳವೆ ಒಯ್ಯಿ, ಒಂದು ಜಾಲರಿ ತೋಳು, ಉಕ್ಕಿನ ಕಡ್ಡಿ.
ಊದು, ಬ್ರಷ್ಷಾಡಿಸು, ಮತ್ತೆ ಊದು.
ತಳದಿಂದ ತುಂಬುತ್ತ ಬಾ, ಕಡ್ಡಿಯನ್ನು ತಿರುಗಿಸುತ್ತ ಇಳಿಸು.
ಆಮೇಲೆ ಮುಟ್ಟಬೇಡ. ಚಳಿಯಿದೆ, ಎರಡು ಗಂಟೆ ಸುಮ್ಮನಿರು.
ರಾಳ ಯಾರನ್ನೂ ತಳ್ಳುವುದಿಲ್ಲ;
ಸಂದುಗೊಂದಿಗೆ ಹರಿದು
ಪುಡಿಯನ್ನು ಪುಡಿ ಇದ್ದ ಹಾಗೇ ಹಿಡಿದುಕೊಳ್ಳುತ್ತದೆ.

ಏಪ್ರಿಲಿನಲ್ಲಿ ಮತ್ತೆ ಬಂದಳು.
"ಊದಿದೆ. ಧೂಳೆಲ್ಲ ಮುಖಕ್ಕೇ ಬಂತು.
ಸೀನಿದೆ, ಒಂದು, ಎರಡು, ಮೂರು.
ಗೋಡೆಯ ಆಚೆಯಿಂದ ಯಾರೋ 'ನೂರು ವರ್ಷ!' ಅಂದರು."
ಸೀನಿದವರಿಗೆ ನಮ್ಮಲ್ಲಿ ಹಾಗೆ ಹರಸುವುದುಂಟು.
"ಪಕ್ಕದ ಮನೆಯ ಜೆಮೋವಿತ್ ಇರಬೇಕು," ಅಂದೆ.
"ಇರಬೇಕು," ಅಂದಳು.

ಗೂಟ ನಿಂತಿದೆಯಂತೆ. ಕೋಟು, ಚೀಲ,
ಗೆಳೆಯನೊಬ್ಬನ ಹೆಲ್ಮೆಟ್ಟು ಕೂಡ.
ಉಳಿದ ರಾಳ ಮೂತಿಯಲ್ಲೇ ಕಲ್ಲಾಗಿದೆ, ಎಸೆಯಲಾ?
ಬೇಡ, ಮೂತಿ ಮಾತ್ರ ಹೊಸದು ತಗೋ, ಎರಡು ಝ್ಲೋಟಿ.

ನೀಲಿ ಚಕ್ಕೆ ಮರಳಿ ಕೇಳಲಿಲ್ಲ, ನಾನೂ ಕೊಡಲಿಲ್ಲ.
ಹಿಡಿಕೆಯಿಲ್ಲದ ಡ್ರಾಯರಿನಲ್ಲಿದೆ.
ಅದನ್ನು ತೆರೆಯಲು ಚಾಕುವಿನ ತುದಿ ಬೇಕು.